ಬಿಸಿಲಿನಲ್ಲಿ ತಣ್ಣಗಾದ ಕೈ

ಇವತ್ತು ಬೆಳಗಿನಿಂದ ನನ್ನ ಗಂಡನ ಕೈಯನ್ನು ಹನ್ನೊಂದು ಸಲ ಮುಟ್ಟಿ ನೋಡಿದ್ದೇನೆ. ಪೇಪರ್ ಓದುವಾಗ ಮುಟ್ಟಿದೆ, ಮಾತ್ರೆ ಕೊಡುವ ನೆಪದಲ್ಲಿ ಮುಟ್ಟಿದೆ, ಊಟಕ್ಕೆ ಕೂತಾಗಲೂ ಬಿಡಲಿಲ್ಲ. "ಬೆಚ್ಚಗೈತಿ ಬಿಡು, ಬೇಕಾದ್ರ ಇದರ ಮ್ಯಾಲೆ ರೊಟ್ಟಿ ಸುಡು" ಎಂದು ಚನ್ನಬಸವರಾಜ ರೇಗಿದರು. ಅವರ ಹೊಟ್ಟೆಯ ಹೊಲಿಗೆ ಬಿಚ್ಚಿ ಮೂರು ವಾರವಾಯಿತು. ಇನ್ನು ಭಯವಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಆದರೆ ಆ ತಣ್ಣಗಿನ ಕೈಯನ್ನು ಒಮ್ಮೆ ಹಿಡಿದಮೇಲೆ ನನಗೆ ಯಾರ ಮಾತಿನ ಮೇಲೂ ನಂಬಿಕೆ ಬರುತ್ತಿಲ್ಲ.

ಆ ಕೈ ಏನು ಹೇಳುತ್ತಿದೆ ಎಂದು ಓದಿದವರು ಕುರುಗೋಡಿನ ಟೇಲರ್ ಹಂಪಕ್ಕ.

ನಾನು ಬಳ್ಳಾರಿಯಲ್ಲಿ ಕಾನ್ವೆಂಟ್ ಓದಿ, ಮದುವೆಯಾಗಿ ಸಿರುಗುಪ್ಪಕ್ಕೆ ಬಂದವಳು. ಮೇ ತಿಂಗಳ ಒಂದು ಸೋಮವಾರ ನಾವು ಬೈಕಿನಲ್ಲಿ ಹೊರಟಿದ್ದೆವು. ಕುರುಗೋಡಿನ ಬಸವೇಶ್ವರನಿಗೆ ಕಾಯಿ ಒಡೆಸಿ, ಅಲ್ಲಿಂದ ಬಳ್ಳಾರಿಯ ನನ್ನ ತವರಿಗೆ ಹೋಗುವುದು ಎಂದು ಮಾತಾಗಿತ್ತು. ಮೂರು ವರ್ಷದ ಮಗ ಸಮ್ರಾಟ್ ನಮ್ಮಿಬ್ಬರ ನಡುವೆ ಕೂತಿದ್ದ. ದರ್ಶನ ಮುಗಿಸಿ ಊರಾಚೆ ಬಂದರೆ ಅರ್ಧ ರಸ್ತೆಗೆ ಭತ್ತ ಒಣಹಾಕಿದ್ದರು. ಎದುರಿಗೆ ಲಾರಿ ಬಂತೆಂದು ಇವರು ಭತ್ತದ ಮೇಲೆ ಇಳಿಸಿದರು, ಚಕ್ರ ಜಾರಿತು. ವೇಗವೇನೂ ಇರಲಿಲ್ಲ. ನಾನೂ ಮಗನೂ ಕಾಳಿನ ರಾಶಿಯ ಮೇಲೆ ಬಿದ್ದೆವು. ಹ್ಯಾಂಡಲ್ಲಿನ ತುದಿ ಇವರ ಹೊಟ್ಟೆಗೆ ತಿವಿಯಿತು. ಆದರೂ ತಾವೇ ಎದ್ದು, ಬೈಕ್ ಎತ್ತಿ ನಿಲ್ಲಿಸಿ, "ಹಾಸಿಗಿ ಮ್ಯಾಲೆ ಬಿದ್ದಂಗಾತು" ಎಂದು ನಕ್ಕರು.

ಸಮ್ರಾಟನ ಮೊಣಕಾಲು ತರಚಿತ್ತು. ಅವನು ಅತ್ತ ಅಳುವಿಗೆ ನನ್ನ ಜೀವವೇ ಹಾರಿತು. ತೊಳೆದೆ, ಒರೆಸಿದೆ, ಟಿಟಿ ಇಂಜೆಕ್ಷನ್ ಎಲ್ಲಿ ಹಾಕುತ್ತಾರೆ ಎಂದು ಬಂದವರನ್ನೆಲ್ಲ ಕೇಳಿದೆ. ಇವರು ಪಕ್ಕದ ಸೋಡಾ ಅಂಗಡಿಯ ಮುಂದೆ, ಬೇವಿನ ಮರದ ಕೆಳಗೆ ಹೋಗಿ ಕೂತರು. ಕಾಲು ಗಂಟೆ ನಾನು ಅವರ ಕಡೆ ತಿರುಗಿಯೂ ನೋಡಲಿಲ್ಲ.

ಸೋಡಾ ಅಂಗಡಿಗೆ ಹೊಂದಿಕೊಂಡ ತಗಡಿನ ಅಂಗಡಿಯಿಂದ, ಕೊರಳಲ್ಲಿ ಟೇಪು ಹಾಕಿಕೊಂಡ ಹೆಂಗಸೊಬ್ಬರು ಹೊರಗೆ ಬಂದರು. ಐವತ್ತರ ಆಸುಪಾಸು. ಅವರೇ ಹಂಪಕ್ಕ.

"ಅಷ್ಟು ಜೋರು ಅಳೋ ಕೂಸಿಗೆ ಏನೂ ಆಗಿರಂಗಿಲ್ಲವ್ವಾ. ಅಲ್ಲಿ ಸುಮ್ನ ಕುಂತಾರಲ್ಲ, ಅವ್ರನ್ನ ಯಾರು ನೋಡಾಕ ಹತ್ತೀರಿ?"

"ಬಿಸಿಲು ಬಡದೈತಿ ಯಕ್ಕಾ, ಅಷ್ಟ" ಎಂದ ಸೋಡಾ ಅಂಗಡಿಯ ಎರ್ರಿ. "ಒಂದು ಲಿಂಬು ಸೋಡಾ ಹೊಡದ್ರ ಎದ್ದು ಕುಣೀತಾರ."

ನಮ್ಮ ಬಳ್ಳಾರಿ ಸೀಮೆಯಲ್ಲಿ ಮೇ ತಿಂಗಳಲ್ಲಿ ಯಾರು ಕುಸಿದರೂ ಬಿಸಿಲಿನದೇ ತಪ್ಪು. ಹಂಪಕ್ಕ ಇವರ ಕೈ ಹಿಡಿದರು. "ಬಿಸಿಲು ಬಡದೋರ ಮೈ ಹಂಚಿನಂಗ ಸುಡ್ತೈತಿ. ಇದನ್ನ ಮುಟ್ಟಿ ನೋಡಲೇ ಎರ್ರಿ, ಬಾವ್ಯಾಗಿಂದ ತೆಗದಂಗೈತಿ."

ಆಗ ನಾನು ನೋಡಿದೆ. ಇವರ ತುಟಿ ಬಿಳಿಚಿಕೊಂಡಿತ್ತು. ಹಣೆಯ ಮೇಲೆ ತಣ್ಣನೆಯ ಬೆವರು. ಉಸಿರು ಚಿಕ್ಕ ಚಿಕ್ಕದಾಗಿ, ಅವಸರವಾಗಿ ಬರುತ್ತಿತ್ತು. ಪೆಟ್ಟು ಎಲ್ಲಿ ಬಿತ್ತು ಎಂದು ಹಂಪಕ್ಕ ಕೇಳಿದರೆ ಇವರು ಎಡಗಡೆಯ ಪಕ್ಕೆಲುಬಿನ ಕೆಳಗೆ ಕೈ ಇಟ್ಟರು.

"ಗೌತಮೀ, ನೂರಾ ಎಂಟಕ್ಕ ಹಚ್ಚು" ಎಂದು ಹಂಪಕ್ಕ ಒಳಗಿದ್ದ ಮಗಳನ್ನು ಕೂಗಿದರು. "ಬರೇ ಆಕ್ಸಿಡೆಂಟ್ ಅನಬ್ಯಾಡ. ಹೊಟ್ಟಿಗೆ ಪೆಟ್ಟು, ಮೈ ತಣ್ಣಗೈತಿ, ನಾಡಿ ಓಡಾಕ ಹತ್ತೈತಿ ಅಂತ ಹೇಳು. ಒಳಗ ರಕ್ತ ಸೋರಾಕ ಹತ್ತಿರಬೇಕು."

ಬೆನ್ನು, ಕುತ್ತಿಗೆ ನೋಯುತ್ತದೆಯೇ ಎಂದು ಕೇಳಿ, ಕಾಲ್ಬೆರಳು ಆಡಿಸಲು ಹೇಳಿ, ಆಮೇಲೆ ನೆರಳಲ್ಲಿ ಅಂಗಾತ ಮಲಗಿಸಿದರು. ಬೆಲ್ಟು ಸಡಿಲಿಸಿದರು. ಹೊಲಿಯಲು ಬಂದಿದ್ದ ಜೀನ್ಸ್ ಬಟ್ಟೆಯ ಗಂಟನ್ನು ಹಿಮ್ಮಡಿಯ ಕೆಳಗಿಟ್ಟು ಕಾಲು ಎತ್ತರಿಸಿದರು. ಅರ್ಧ ಹೊಲಿದ ಪ್ಯಾಂಟುಗಳನ್ನು ತಂದು ಮೈಮೇಲೆ ಹೊದಿಸಿದರು.

"ನಲವತ್ತೊಂದು ಡಿಗ್ರಿ ಬಿಸಿಲಾಗ ಹೊದಿಸ್ತೀಯಲ್ಲ ಯಕ್ಕಾ, ಬಾಣಂತಿ ಏನು ಅವ್ರು?" ಎಂದ ಎರ್ರಿ. ನೆರೆದವರು ನಕ್ಕರು.

"ನೀ ಬಾಯಿ ಮುಚ್ಚಿ ಜನಾನ ಆ ಕಡೀಗೆ ಸರಸು."

"ಸೌಂದರ್ಯಾ, ನೀರು…" ಎಂದರು ಇವರು. ನಾನು ಬಾಟಲಿ ತೆಗೆದು ಬಾಯಿಗೆ ಹಿಡಿಯುವಷ್ಟರಲ್ಲಿ ಹಂಪಕ್ಕ ಅದನ್ನು ಕಿತ್ತುಕೊಂಡರು. "ಬ್ಯಾಡ. ಆಪರೇಷನ್ ಆಗ್ಬೋದು. ಈಗ ಕುಡದ್ರ ವಾಂತಿ ಆಗಿ ಉಸಿರಿಗೆ ಅಡ್ಡ ಬರ್ತೈತಿ. ಒದ್ದಿ ಬಟ್ಟೀಲೆ ತುಟಿ ಅಷ್ಟ ಒರಸು."

ಬೇಸಿಗೆಯಲ್ಲಿ ಬೀದಿ ಬೀದಿಗೆ ಅರವಟಿಗೆ ಇಡುವ ಊರುಗಳು ನಮ್ಮವು. ಬಾಯಾರಿದ ಅಪರಿಚಿತನಿಗೂ ಇಲ್ಲ ಅನ್ನುವುದಿಲ್ಲ. ಇಲ್ಲಿ ನನ್ನ ಗಂಡ ನೀರು ನೀರು ಅನ್ನುತ್ತಿದ್ದರು, ಯಾರೋ ಹೆಂಗಸು ಬಾಟಲಿ ಹಿಡಿದು ಕೂತಿದ್ದಳು. ನನ್ನ ಓದು, ನಯ ಎಲ್ಲ ಎಲ್ಲಿ ಹೋಯಿತೋ. "ನಿನ್ನ ಕೈ ಸೇದಿಹೋಗ! ಕೊಡೇ ನೀರು!" ಎಂದು ಕಿರುಚಿದೆ. ಹೊಲಿದು ತಿನ್ನುವವರ ಕೈಗೆ, ಮರಗಟ್ಟಿ ಹೋಗಲಿ ಎಂದು ಶಾಪ ಹಾಕಿದೆ.

ಹಂಪಕ್ಕ ತಲೆ ಎತ್ತಲಿಲ್ಲ. ಅವರ ಬೆರಳು ಇವರ ನಾಡಿಯ ಮೇಲೇ ಇತ್ತು. "ಆತು, ಆಮ್ಯಾಲೆ ಸೇದಿಹೋಗ್ಲಿ. ಈಗ ಇಲ್ಲಿ ಕುಂದ್ರು. ಮಾತಾಡಸ್ಕಂತ ಇರು. ಮಗನ ಹೆಸರು ಕೇಳು, ಊರು ಕೇಳು. ಉತ್ತರ ತಪ್ಪಿದ್ರ ನನಗ ಹೇಳು."

ನಾನು ಆ ತಣ್ಣಗಿನ ಕೈ ಹಿಡಿದು ಕೂತೆ. ಮಗನ ಹೆಸರು ಏನ್ರೀ? ಸಮ್ರಾಟ್. ನಮ್ಮ ಊರು? ಸಿರುಗುಪ್ಪ. ಮೂರನೆಯ ಸಲ ಕೇಳಿದಾಗ ಉತ್ತರ ತಡವಾಯಿತು, ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಹಂಪಕ್ಕ ಸಿಬ್ಬಂದಿಗೆ ಎಲ್ಲವನ್ನೂ ಎರಡು ಮಾತಿನಲ್ಲಿ ಒಪ್ಪಿಸಿದರು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಕೂಡಲೇ ಆಪರೇಷನ್ ಮಾಡಿದರು. ಹೊಟ್ಟೆಯೊಳಗೆ ಗುಲ್ಮ ಒಡೆದು ರಕ್ತ ತುಂಬಿತ್ತು. ದಾರಿಯಲ್ಲಿ ಕುಡಿಯಲು ಏನಾದರೂ ಕೊಟ್ಟಿರಾ ಎಂದು ಡಾಕ್ಟರು ಕೇಳಿದಾಗ ಇಲ್ಲ ಎಂದೆ. "ಒಳ್ಳೆಯದಾಯಿತು. ಇದು ಬಿಸಿಲಲ್ಲ, ರಕ್ತ ಸೋರಿ ಆದ ಶಾಕ್ ಅಂತ ಯಾರು ಗುರುತಿಸಿದ್ದು?" ಎಂದರು. ನನ್ನ ಶಾಪ ನೆನಪಾಗಿ, ರಕ್ತ ಇನ್ನೆಷ್ಟು ಬೇಕು ಎಂದು ಮಾತು ತಿರುಗಿಸಿದೆ.

ಬೈಕ್ ತರಲು ಕುರುಗೋಡಿಗೆ ಹೋದ ನಮ್ಮ ಮಾವ ಕೊಟ್ಟೂರಪ್ಪನವರು ಹಂಪಕ್ಕನ ಅಂಗಡಿಯಲ್ಲಿ ಎರಡು ತಾಸು ಕೂತು ಬಂದರು. ಅವರಿಂದಲೇ ನನಗೆ ಉಳಿದದ್ದು ತಿಳಿದದ್ದು. ಕೂಲಿಯವರ ಮನೆಯ ಮಗಳು ಹಂಪಕ್ಕ ಹದಿನಾರಕ್ಕೆ ಬಳ್ಳಾರಿ ಕೌಲ್ ಬಜಾರಿನ ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಬಂದು, ಹತ್ತೊಂಬತ್ತು ವರ್ಷ ಪ್ಯಾಂಟಿಗೆ ಜೇಬು ಹೊಲಿದಿದ್ದರಂತೆ. ಒಮ್ಮೆ ಅಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ನಡೆಯಿತು. ಕೆಲಸ ಬಿಟ್ಟು ಹೋಗಲು ಯಾರೂ ಒಪ್ಪಲಿಲ್ಲ. ಅವತ್ತು ಹಂಪಕ್ಕನ ಮಷೀನು ಕೆಟ್ಟಿತ್ತು, ಅವರನ್ನು ಕಳಿಸಿದರು. ಮರುವರ್ಷ ಬೇಸಿಗೆಯಲ್ಲಿ ಇಸ್ತ್ರಿ ಮಾಡುವ ರಾಮಾಂಜಿನಿ ಮೆಟ್ಟಿಲಿನಿಂದ ಬಿದ್ದು, ಎದ್ದು, ಸ್ವಲ್ಪ ಹೊತ್ತಿಗೆ ತಣ್ಣಗೆ ಬೆವರತೊಡಗಿದ. ಬಿಸಿಲು ಎಂದು ಎಲ್ಲರೂ ಮಜ್ಜಿಗೆ ಕುಡಿಸಿ ಫ್ಯಾನಿನ ಕೆಳಗೆ ಕೂರಿಸಿದರು. ಆಸ್ಪತ್ರೆಯ ದಾರಿಯಲ್ಲೇ ಅವನು ತೀರಿಹೋದ.

"ನನಗ ಗೊತ್ತಿತ್ತುರಿ ಯಜಮಾನ್ರ" ಎಂದು ಮಾವನ ಹತ್ತಿರ ಹೇಳಿದರಂತೆ ಹಂಪಕ್ಕ. "ಟೇಲರಮ್ಮ ಡಾಕ್ಟರಾದ್ಲು ಅಂತ ನಗ್ತಾರ ಅಂತ ಬಾಯಿ ತೆಗೀಲಿಲ್ಲ. ಅವತ್ತಿಂದ ನಗೋರು ನಗ್ಲಿ ಅಂತ ಬಿಟ್ಟೀನಿ."

ನಗುವವರು ನಕ್ಕೂ ಇದ್ದಾರೆ. ಉಪವಾಸದಲ್ಲಿ ತಲೆ ಸುತ್ತಿ ಬಿದ್ದವಳೊಬ್ಬಳನ್ನು ಹಂಪಕ್ಕ ಹೀಗೆಯೇ ಮಲಗಿಸಿ ಆಂಬುಲೆನ್ಸ್ ಕರೆಸಿದ್ದರಂತೆ. ಆಕೆ ಅದು ಬರುವಷ್ಟರಲ್ಲಿ ಎದ್ದು ಮನೆಗೆ ಹೋಗಿದ್ದಳು. ಎರ್ರಿ ಅದನ್ನು ಒಂದು ತಿಂಗಳು ಆಡಿಕೊಂಡ. "ತಪ್ಪಾದ್ರ ನನ್ನ ಮರ್ಯಾದಿ ಹೋಗ್ತೈತಿ. ಸುಮ್ನಿದ್ರ ಒಬ್ಬರ ಜೀವ ಹೋಗ್ತೈತಿ" ಎಂಬುದು ಅವರ ಉತ್ತರ.

ಮಾವ ಹಂಪಕ್ಕನ ನಂಬರಿನ ಚೀಟಿ ನನ್ನ ಕೈಗಿಟ್ಟು ಹೇಳಿದರು. "ನಿನ್ನನ್ನ ಭಾಳ ಹೊಗಳಿದ್ಲಮ್ಮಾ. ಸಣ್ಣ ಹುಡುಗಿ, ಧೈರ್ಯ ಮಾಡಿ ಗಂಡನ್ನ ಮಾತಾಡಸ್ತಾ ಕುಂತಿತ್ತು ಅಂದ್ಲು. ಒಂದು ಫೋನ್ ಮಾಡು."

ಶಾಪದ ಮಾತನ್ನು ಹಂಪಕ್ಕ ಎತ್ತಿಯೇ ಇರಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಯಾವ ಮುಖದಿಂದ ಫೋನ್ ಮಾಡಲಿ ಎಂದು ವಾರಗಟ್ಟಲೆ ಚೀಟಿ ಮಡಚುತ್ತ, ಬಿಚ್ಚುತ್ತ ಕಳೆದೆ. ಇವತ್ತು ಇವರು ಗದರಿದ ಮೇಲೆ, ಈ ಕೈಯನ್ನು ಬೆಚ್ಚಗೆ ಉಳಿಸಿಕೊಟ್ಟವರಿಗೆ ಇನ್ನೂ ಒಂದು ಮಾತು ಹೇಳಿಲ್ಲವಲ್ಲ ಎಂದು ನಾಚಿಕೆಯಾಗಿ ನಂಬರ್ ಒತ್ತಿದೆ.

"ಯಾರ್ರೀ?" ಹಿಂದೆ ಹೊಲಿಗೆ ಮಷೀನಿನ ಸದ್ದು.

"ಅಕ್ಕಾ, ನಾನು ಸೌಂದರ್ಯ, ಸಿರುಗುಪ್ಪದಿಂದ. ಅವತ್ತು ನಾನು ನಿಮ್ಮ ಕೈಗೆ…"

"ಏ, ಅದನ್ನ ಇನ್ನಾ ಇಟ್ಕೊಂಡು ಕುಂತೀಯೇನು? ಮುಂಜಾನಿಂದ ನಾಕು ಜಂಪರ್ ಹೊಲದೀನವ್ವಾ, ಕೈ ಗಟ್ಟಿ ಐತಿ."

"ನಗಬೇಡಿ ಅಕ್ಕಾ. ತಪ್ಪಾಯಿತು. ಇಷ್ಟು ಹೇಳೋಕೆ ನನಗೆ ಇಷ್ಟು ದಿನ ಬೇಕಾಯಿತು."

ಮಷೀನು ನಿಂತಿತು. "ಹೆದರಿದೋರ ಮಾತು ಯಾರವ್ವಾ ಮನಸಿಗೆ ಹಚ್ಕೋತಾರ? ಅಣ್ಣಾರಿಗೆ ಕೊಡು ಫೋನು. ಅವ್ರು ನೀರು ನೀರು ಅಂದದ್ದಷ್ಟ ಕೇಳೀನಿ ನಾನು. ಗಟ್ಟಿ ದನಿ ಹೆಂಗೈತಿ ಕೇಳ್ತೀನಿ."

ನಾನು ಕಣ್ಣೊರೆಸಿಕೊಂಡು ಫೋನನ್ನು ಇವರಿಗೆ ಕೊಟ್ಟೆ.