ರವಿವಾರದ ಮಸಿ, ಸೋಮವಾರದ ಸಗಣಿ

ನಮ್ಮ ಬನಹಟ್ಟಿಯ ಮನೆಯಲ್ಲಿ ಮೂರು ವರ್ಷ ನಡೆದ ಜಗಳಕ್ಕೆ ಕಾರಣ ಒಂದು ತೂತು. ಒಲೆಯ ಹೊಗೆ ಹೊರಗೆ ಹೋಗುವ ಪೈಪಿನ ಬುಡದಲ್ಲಿ, ಒಂದು ಕೈ ಹೋಗುವಷ್ಟು ಅಗಲದ ತೂತು. ಅದನ್ನು ನಾನು ರವಿವಾರ ತೆಗೆಯುತ್ತಿದ್ದೆ, ನನ್ನ ಅತ್ತೆ ಸೋಮವಾರ ಮುಚ್ಚುತ್ತಿದ್ದರು. ಮತ್ತೆ ರವಿವಾರ ನಾನು ತೆಗೆಯುತ್ತಿದ್ದೆ. ಈಗ ನೆನೆದರೂ ತಲೆ ಬಿಸಿಯಾಗುತ್ತದೆ.

ನಾನು ಸಾವಳಗಿಯ ಮಗಳು, ಬನಹಟ್ಟಿಯ ಸೊಸೆ, ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ. ಮನೆಯ ಮುಂದಿನ ಅರ್ಧ ಭಾಗದಲ್ಲಿ ನನ್ನ ಗಂಡನ ನಾಲ್ಕು ಮಗ್ಗಗಳು. ಕರೆಂಟ್ ಇದ್ದಷ್ಟು ಹೊತ್ತು ಅವು ಖಟಖಟ ಎನ್ನುತ್ತಿದ್ದವು, ನಾವು ಒಬ್ಬರಿಗೊಬ್ಬರು ಕೂಗಿಕೊಂಡೇ ಮಾತಾಡುತ್ತಿದ್ದೆವು. ಹಿಂದಿನ ಅರ್ಧದಲ್ಲಿ ಅಡುಗೆಮನೆ. ಅಲ್ಲಿ ಅತ್ತೆಯದೇ ರಾಜ್ಯ. ಗಲಗಲಿಯ ಹೊಳೆದಂಡೆಯಿಂದ ಮದುವೆಯಾಗಿ ಬಂದ ದಿನದಿಂದ ಅವರು ಆ ಒಲೆಯ ಮುಂದೆ ಕೂತು ರೊಟ್ಟಿ ಬಡಿದವರು. ಅವರ ಕೆಮ್ಮು ಎಷ್ಟು ಹಳೆಯದೆಂದರೆ, ನಮಗೆ ಅದು ಮಗ್ಗದ ಸದ್ದಿನಷ್ಟೇ ರೂಢಿಯಾಗಿತ್ತು.

ಒಂದು ಚಳಿಗಾಲ ಆ ಕೆಮ್ಮಿನ ಜೊತೆ ಉಬ್ಬಸ ಬಂತು. ಎರಡು ರೊಟ್ಟಿ ಬಡಿಯುವುದು, ಗೋಡೆಗೆ ಒರಗಿ ಉಸಿರು ಎಳೆದುಕೊಳ್ಳುವುದು, ಮತ್ತೆರಡು ಬಡಿಯುವುದು. ನಾನು ಶಾಲೆಗೆ ರಜೆ ಹಾಕಿ ಜಮಖಂಡಿಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಇವರ ಎದಿ ಹೊಗಿ ಕುಡ್ದು ಕುಡ್ದು ಹಿಂಗಾಗೈತ್ರಿ. ಒಲಿ ಮುಂದ ಕುಂದ್ರೂದು ಬಿಡಸ್ರಿ. ಇಲ್ಲಾಂದ್ರ ಮನ್ಯಾಗಿನ ಹೊಗಿ ಬಿಡಸ್ರಿ. ಹಿಂಗ ಮುಂದವರದ್ರ ಮುಂದಿನ ಚಳಿಗಾಲ ಭಾಳ ತ್ರಾಸ ಆಕ್ಕೈತಿ" ಎಂದರು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅರ್ಧ ದಾರಿಗೆ ಬಂದ ಮೇಲೆ ತಿರುಗಿ ಹೇಳಿದರು: "ಹೊಗಿ ಬಿಡಸು. ಒಲಿ ನಾ ಬಿಡೂದಿಲ್ಲ."

ಗ್ಯಾಸ್ ಇರಲಿಲ್ಲವೇ ಎಂದು ಕೇಳಬೇಡಿ. ಇತ್ತು. ಚಹಾಕ್ಕೆ, ಹಾಲು ಕಾಯಿಸುವುದಕ್ಕೆ, ನಾನು ಅವಸರದಲ್ಲಿ ಮಾಡುವ ಉಪ್ಪಿಟ್ಟಿಗೆ. ರೊಟ್ಟಿಗೆ ಮಾತ್ರ ಅಲ್ಲ. ಗ್ಯಾಸಿನ ಮೇಲೆ ಸುಟ್ಟ ರೊಟ್ಟಿ ಬಾಯಿಗಿಟ್ಟರೆ ತಮಗೆ ಆಸ್ಪತ್ರೆಯ ವಾಸನೆ ಬರುತ್ತದೆ ಎನ್ನುತ್ತಿದ್ದರು. ಆ ಮಾತಿಗೆ ಅವರ ಮಗನ ಒಪ್ಪಿಗೆಯೂ ಇತ್ತು, ಏಕೆಂದರೆ ರೊಟ್ಟಿ ತಿನ್ನುವವನು ಅವನು, ಬಡಿಯುವವನಲ್ಲ.

ಹಾಗಾಗಿ ಹೊಗೆಯಿಲ್ಲದ ಒಲೆ ಕಟ್ಟಿಸಿದೆವು. ರಬಕವಿಯ ಕಡೆಯ ಒಬ್ಬ ಗೌಂಡಿ ಅಂಥ ಒಲೆ ಕಟ್ಟುವುದನ್ನು ಕಲಿತು ಬಂದಿದ್ದ. ಎರಡು ದಿನ ಕೂತು ಇಟ್ಟಂಗಿ ಮಣ್ಣಿನಲ್ಲಿ ಕಟ್ಟಿದ. ಹೊಗೆ ಒಳಗಿಂದೊಳಗೆ ಹಾದು ಹಿಂದಿನ ಸಿಮೆಂಟ್ ಪೈಪಿಗೆ ಸೇರಿ, ಮಾಳಿಗೆ ದಾಟಿ ಮೇಲೆ ಹೋಗುವ ಹಾಗೆ ಮಾಡಿದ. ಪೈಪಿನ ಬುಡದಲ್ಲಿ ಒಂದು ತೂತು ಬಿಟ್ಟು, ಅದಕ್ಕೆ ಅರ್ಧ ಇಟ್ಟಂಗಿಯೊಂದನ್ನು ಬಿರಡೆಯಂತೆ ಇಟ್ಟ.

"ಬಾಯಾರ, ಎಂಟ ದಿನಕ್ಕೊಮ್ಮಿ ಈ ಇಟ್ಟಂಗಿ ತಗೀರಿ, ಬಿದ್ದ ಮಸಿ ಹೊರಗ ಎಳೀರಿ, ಮತ್ತ ಇಡ್ರಿ. ಇಷ್ಟ ಮಾಡಿದ್ರ ಆತು" ಎಂದ.

ಇಷ್ಟೇ. ನಾಲ್ಕನೆಯ ಇಯತ್ತೆಯ ಹುಡುಗರಿಗೂ ತಿಳಿಯುವ ಕೆಲಸ.

ಮೊದಲ ದಿನ ಒಲೆ ಹೊತ್ತಿಸಿದಾಗ ಅತ್ತೆ ಅಂಗಳಕ್ಕೆ ಹೋಗಿ ತಲೆ ಎತ್ತಿ ನಿಂತರು. ಮಾಳಿಗೆಯ ಮೇಲೆ ಪೈಪಿನ ಟೋಪಿಯ ಕೆಳಗಿನಿಂದ ಹೊಗೆ ಹೊರಡುತ್ತಿತ್ತು. "ನೋಡವಾ, ಎಷ್ಟ ಛಲೋ ಹೋಗಾಕತ್ತೈತಿ" ಎಂದು ನಕ್ಕರು. ಆ ವಾರ ಅವರು ಕೂತಲ್ಲಿಂದ ಏಳದೆ ಇಪ್ಪತ್ತು ರೊಟ್ಟಿ ಬಡಿದರು. ಡಾಕ್ಟರನ್ನು ಗೆದ್ದೆವು ಎಂದುಕೊಂಡೆ.

ರವಿವಾರ ಬಂತು. ಮಗ್ಗದವರಿಗೆ ಬಿಡುವು ಸಿಗುವುದು ಕರೆಂಟ್ ಹೋದಾಗ ಮಾತ್ರ. ಹನ್ನೊಂದಕ್ಕೆ ಕರೆಂಟ್ ಹೋದದ್ದೇ ನನ್ನ ಗಂಡನನ್ನು ಮಾಳಿಗೆ ಹತ್ತಿಸಿದೆ. ಟೋಪಿ ತೆಗೆದು, ಹಗ್ಗಕ್ಕೆ ಕಲ್ಲು ಕಟ್ಟಿ, ಅದರ ಸುತ್ತ ಮಗ್ಗದ ಕೆಟ್ಟ ನೂಲನ್ನು ಉಂಡೆಯಾಗಿ ಸುತ್ತಿ, ಪೈಪಿನಲ್ಲಿ ಇಳಿಬಿಟ್ಟು ಮೇಲೆ ಕೆಳಗೆ ಎಳೆದರು. ಕೆಳಗೆ ನಾನು ಇಟ್ಟಂಗಿ ತೆಗೆದು ಹಳೆಯ ಸೌಟಿನಿಂದ ಮಸಿ ಹೊರಗೆ ಎಳೆದೆ. ಒಂದು ಬುಟ್ಟಿ ಬಂತು. ಇಟ್ಟಂಗಿ ಮತ್ತೆ ಇಟ್ಟು, ಕೈ ತೊಳೆದು ಎದ್ದೆ.

ಮಾರನೆಯ ದಿನ ಸೋಮವಾರ. ಅತ್ತೆ ಸೋಮವಾರ ಬೆಳಿಗ್ಗೆ ಒಲೆಗೆ ಸಗಣಿ, ಕೆಮ್ಮಣ್ಣು ಕಲಸಿ ಸಾರಿಸಿ, ಮೂರು ಗೆರೆ ವಿಭೂತಿ ಎಳೆದು, ದೀಪ ಹಚ್ಚಿಯೇ ಬೆಂಕಿ ಹಾಕುವವರು. ನಾನು ಶಾಲೆಯಿಂದ ಬಂದು ನೋಡಿದರೆ ಒಲೆ ಹೊಸದರಂತೆ ನುಣ್ಣಗಿತ್ತು. ಇಟ್ಟಂಗಿ ಎಲ್ಲಿದೆ ಎಂದು ಹುಡುಕಿದೆ. ಇಟ್ಟಂಗಿಯ ಮೇಲೆ, ಅಂಚಿನ ಮೇಲೆ, ಸಂದಿಯಲ್ಲಿ, ಎಲ್ಲ ಕಡೆ ಒಂದೇ ಸಮ ಸಾರಿಸಿದ್ದರು.

"ಅತ್ತ್ಯಾರ, ಇಲ್ಲಿ ಸಾರಿಸಬಾರದ್ರಿ. ಒಣಗಿದ್ರ ಕಲ್ಲ ಆಕ್ಕೈತಿ. ಮುಂದಿನ ವಾರ ತಗಿಯೂದು ಹೆಂಗ್ರಿ?"

"ತೂತಿನ ಒಲಿಗಿ ಯಾರರ ವಿಭೂತಿ ಹಚ್ತಾರೇನು?" ಎಂದರು. ಮಾತು ಮುಗಿಯಿತು.

ಮುಂದಿನ ರವಿವಾರ ಅರ್ಧ ಗಂಟೆ ಚಾಕುವಿನಿಂದ ಕೆರೆದು ಇಟ್ಟಂಗಿ ಬಿಡಿಸಿದೆ. ಸೋಮವಾರ ಮತ್ತೆ ಮುಚ್ಚಿತು. ಹೀಗೆ ವಾರ ವಾರ. ನಾನು ಹೂಡದ ಉಪಾಯವಿಲ್ಲ. ಶಾಲೆಯಿಂದ ಸೀಮೆಸುಣ್ಣ ತಂದು ತೂತಿನ ಸುತ್ತ ಗೆರೆ ಹಾಕಿ, 'ಇಲ್ಲಿ ಸಾರಿಸಬೇಡಿರಿ' ಎಂದು ದುಂಡಗೆ ಬರೆದೆ. ಅತ್ತೆಗೆ ಓದು ಬರದು ಎಂಬುದು ಬರೆದು ಮುಗಿಸಿದ ಮೇಲೆ ನೆನಪಾಯಿತು. ಅವರು ಅಕ್ಷರದ ಮೇಲೆಯೇ ಸಾರಿಸಿದರು. ಇಟ್ಟಂಗಿಗೆ ತಂತಿ ಸುತ್ತಿ, ಹಿಡಿದು ಎಳೆಯಲು ಒಂದು ಕೊಕ್ಕೆ ಹೊರಗೆ ಬಿಟ್ಟೆ. ಸೋಮವಾರ ಸಂಜೆ ನೋಡಿದರೆ ಆ ಕೊಕ್ಕೆಗೆ ಚಿಮಟ ತೂಗುಹಾಕಿದ್ದರು. "ಛಲೋ ಮಾಡಿದಿ ನೋಡು, ಚಿಮಟ ಇಡಾಕ ಜಾಗಾ ಇರಲಿಲ್ಲ" ಎಂದರು.

ಸಾಲದ್ದಕ್ಕೆ ಒಲೆ ಹೊತ್ತಿಸಲು ಅವರು ಮಗ್ಗದ ಎಣ್ಣೆ ಒರೆಸಿದ ಕೆಟ್ಟ ನೂಲನ್ನು ಬಳಸುತ್ತಿದ್ದರು. ಕಡ್ಡಿ ಗೀರಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ, ನಿಜ. ಆದರೆ ಆ ಎಣ್ಣೆಯ ಹೊಗೆ ಪೈಪಿನೊಳಗೆ ಡಾಂಬರಿನಂತೆ ಅಂಟುತ್ತದೆ. ತೊಗರಿ ಕಟ್ಟಿಗೆಯ ಮಸಿ ಒಣಗಿದ್ದು, ತಟ್ಟಿದರೆ ಉದುರುತ್ತದೆ. ಈ ಮಸಿ ಸೌಟಿಗೆ, ಉಗುರಿಗೆ, ನನ್ನ ಹಣೆಬರಹಕ್ಕೆ ಅಂಟಿಕೊಂಡಿತ್ತು. ಸೋಮವಾರ ಶಾಲೆಯಲ್ಲಿ ಕರಿಹಲಗೆಯ ಮೇಲೆ ಬರೆಯುವಾಗ ಹುಡುಗಿಯರು ನನ್ನ ಉಗುರು ನೋಡಿ ಪಿಸುಗುಟ್ಟುತ್ತಿದ್ದರು.

ಗಂಡನಿಗೆ ಹೇಳಿದರೆ, "ಅಕಿ ಹೇಳಿದ್ದು ನೀ ಕೇಳು, ನೀ ಹೇಳಿದ್ದು ಅಕಿ ಕೇಳ್ತಾಳ" ಎನ್ನುತ್ತಿದ್ದರು. ಹೀಗೆಂದರೆ ಏನು ಎಂದು ನನಗೆ ಇಂದಿಗೂ ತಿಳಿದಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ. ಅಷ್ಟರಲ್ಲಿ ಕರೆಂಟ್ ಬರುತ್ತಿತ್ತು, ಅವರು ಮಗ್ಗಕ್ಕೆ ಓಡುತ್ತಿದ್ದರು.

ಮೂರನೆಯ ವರ್ಷದ ಚಳಿಗಾಲದಲ್ಲಿ ನನಗೆ ಮುಧೋಳದಲ್ಲಿ ಹತ್ತು ದಿನದ ತರಬೇತಿ ಬಂತು. ಅಲ್ಲೇ ಉಳಿಯಬೇಕಾಗಿತ್ತು. ನಡುವೆ ಎರಡು ರವಿವಾರ. ಹೋಗುವ ಮುಂಚೆ ಇಬ್ಬರಿಗೂ ಕೈಮುಗಿದು ಹೇಳಿದೆ. ಇಬ್ಬರೂ ತಲೆ ಅಲ್ಲಾಡಿಸಿದರು.

ಹನ್ನೊಂದನೆಯ ದಿನ ಮಧ್ಯಾಹ್ನ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಕಣ್ಣು ಉರಿದವು. ಮನೆ ತುಂಬ ಹೊಗೆ. ಅತ್ತೆ ಹಿಂದಿನ ಕಟ್ಟೆಯ ಮೇಲೆ ಎರಡೂ ಕೈ ಊರಿ ಕೂತಿದ್ದರು. ಒಂದೊಂದು ಉಸಿರಿಗೂ ಭುಜ ಮೇಲೇಳುತ್ತಿದ್ದವು. ತುಟಿ ಬಣ್ಣಗೆಟ್ಟಿದ್ದವು. ನನ್ನನ್ನು ನೋಡಿ ಏನೋ ಹೇಳಹೋದರು, ಮಾತು ಬರಲಿಲ್ಲ.

ಮಗ್ಗದ ಹತ್ತಿರ ಓಡಿ ಗಂಡನನ್ನು ಕರೆದೆ. "ಪೈಪ್ಯಾಗ ಗುಬ್ಬಿ ಗೂಡ ಕಟ್ಟಿರಬೇಕು" ಎಂದರು. ಗುಬ್ಬಿಯಂತೆ! ಡಾಕ್ಟರು ಕೊಟ್ಟಿದ್ದ ಔಷಧ ಕೊಟ್ಟು, ಬೆನ್ನು ಒತ್ತಿ, ಅತ್ತೆಯ ಉಸಿರು ಒಂದು ಹದಕ್ಕೆ ಬರುವಷ್ಟರಲ್ಲಿ ಸಂಜೆಯಾಯಿತು.

ಆಮೇಲೆ ಅಡುಗೆಮನೆಗೆ ಹೋದೆ. ಒಲೆ ಎರಡು ಸೋಮವಾರದ ಸಗಣಿಯಲ್ಲಿ ಕನ್ನಡಿಯಂತೆ ನುಣ್ಣಗಿತ್ತು, ವಿಭೂತಿ ಗೆರೆ ಸಮೇತ. ಚಾಕು ಹಾಕಿದೆ, ಬಾಗಿತು. ಸಿಟ್ಟು ನೆತ್ತಿಗೇರಿತು. ಮಗ್ಗದ ಕೋಣೆಯಿಂದ ಕಬ್ಬಿಣದ ಸಲಾಕೆ ತಂದು ಒಂದು, ಎರಡು, ಮೂರು ಏಟು ಹಾಕಿದೆ. ಇಟ್ಟಂಗಿ ಒಳಗೆ ಬಿತ್ತು. ಅದರ ಹಿಂದೆಯೇ ಪೈಪು ಬುಡದಿಂದ ಎದೆಮಟ್ಟದವರೆಗೆ ಸೀಳಿಹೋಯಿತು. ಎರಡು ವಾರದ ಮಸಿ ಒಮ್ಮೆಲೇ ಕೆಳಗಿಳಿಯಿತು. ಹಿಟ್ಟಿನ ಡಬ್ಬಿ, ನೀರಿನ ಕೊಡ, ತರಬೇತಿಗೆಂದು ಉಟ್ಟಿದ್ದ ನನ್ನ ಹೊಸ ಸೀರೆ, ಎಲ್ಲ ಒಂದೇ ಬಣ್ಣ.

ಗಂಡ ಬಾಗಿಲಲ್ಲಿ ನಿಂತು ನೋಡಿದರು. ಅವರ ಪುಣ್ಯ, ಗುಬ್ಬಿಯ ಮಾತು ಎತ್ತಲಿಲ್ಲ.

ಗೌಂಡಿ ಬೇರೆ ಊರಲ್ಲಿ ಕೆಲಸ ಹಿಡಿದಿದ್ದ. ಹದಿನೈದು ದಿನ ಬರಲಾರೆ ಎಂದ. ಆ ಹದಿನೈದು ದಿನ ನಾನು ಅತ್ತೆಯನ್ನು ಅಡುಗೆಮನೆಗೆ ಬಿಡಲಿಲ್ಲ. ಗ್ಯಾಸಿನ ಮೇಲೆ ರೊಟ್ಟಿ ನಾನೇ ಬಡಿದೆ. ಅಂಚು ಹರಿದ, ನಡುವೆ ದಪ್ಪನಾದ ನನ್ನ ರೊಟ್ಟಿಯನ್ನು ಗಂಡ ಬಾಯಿ ಮುಚ್ಚಿಕೊಂಡು ತಿಂದರು. ಅತ್ತೆ ಮಗ್ಗದ ಕೋಣೆಯ ಹೊಸ್ತಿಲ ಹತ್ತಿರ ಕೂರುತ್ತಿದ್ದರು. ಅವರ ಎದೆ ಹಗುರಾಯಿತು, ಅದು ಸುಳ್ಳಲ್ಲ. ವಾರ ಕಳೆಯುವಷ್ಟರಲ್ಲಿ ಓಣಿಯ ಕೊನೆಯ ಗುಡಿಗೆ ಎಲ್ಲೂ ನಿಲ್ಲದೆ ಹೋಗಿ ಬಂದರು. ಆದರೆ ನನ್ನ ಜೊತೆ ಮಾತು ಬಿಟ್ಟರು. ತಾಟಿನಲ್ಲಿ ಅರ್ಧ ರೊಟ್ಟಿ ಉಳಿಸಿ ಏಳುತ್ತಿದ್ದರು. ನಾನು ಅವರ ಉಸಿರು ಉಳಿಸಿದ್ದೆ, ಅವರು ನನ್ನನ್ನು ಕಳ್ಳಿಯ ಹಾಗೆ ನೋಡುತ್ತಿದ್ದರು. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

ಗೌಂಡಿ ಬಂದು ಪೈಪು ನೋಡಿ, "ಇದನ್ಯಾರ ಒಡದ್ರಿ ಹಿಂಗ?" ಎಂದ.

"ನಮ್ಮ ಟೀಚರ್ ಬಾಯಿ" ಎಂದರು ಅತ್ತೆ, ನನ್ನ ಕಡೆ ನೋಡದೆ.

ಈ ಸಲ ಇಟ್ಟಂಗಿ ಬೇಡ ಎಂದು ನಾನು ಹಟ ಹಿಡಿದೆ. ಅವನು ಹೊಸ ಪೈಪು ಕೂರಿಸಿ, ತೂತಿಗೆ ತಗಡಿನ ಪುಟ್ಟ ಬಾಗಿಲು ಮಾಡಿ, ಚಿಲಕ ಹಾಕಿದ. ಅತ್ತೆ ಮೊದಲಿನಿಂದ ಕೊನೆಯವರೆಗೆ ಅಲ್ಲೇ ನಿಂತು ನೋಡಿದರು. ಅಂದೇ ಸಂಜೆ ತಮ್ಮ ಜಾಗಕ್ಕೆ ಮರಳಿ ಕೂತರು.

ಮುಂದಿನ ರವಿವಾರ ಸೌಟು ಹುಡುಕಿಕೊಂಡು ಅಡುಗೆಮನೆಗೆ ಹೋದೆ. ಸೌಟು ಇರಲಿಲ್ಲ. ಅದು ಅತ್ತೆಯ ಕೈಯಲ್ಲಿತ್ತು. ತಗಡಿನ ಬಾಗಿಲು ತೆರೆದು, ಮೊಣಕೈವರೆಗೆ ಕೈ ತೂರಿಸಿ, ಮುಖವನ್ನು ತೂತಿನ ಹತ್ತಿರ ಹಿಡಿದು ಮಸಿ ಹೊರಗೆ ಎಳೆಯುತ್ತಿದ್ದರು. ಮೂಗಿನ ಸುತ್ತ ಕಪ್ಪು ಮೆತ್ತಿತ್ತು. ಕೆಮ್ಮುತ್ತಿದ್ದರು. ಯಾರ ಎದೆಗಾಗಿ ನಾನು ಮೂರು ವರ್ಷ ಉಗುರು ಕಪ್ಪು ಮಾಡಿಕೊಂಡೆನೋ, ಅವರೇ ಮಸಿಯನ್ನು ನೇರ ಎದೆಗೆ ಎಳೆದುಕೊಳ್ಳುತ್ತಿದ್ದರು.

"ನಿಮಗ ತಿಳೀತೈತೇನ್ರಿ? ನಾ ಯಾತಕ್ಕ ಸಾಯಾಕತ್ತೇನಿ ಇಲ್ಲಿ?" ಎಂದು ಕೂಗಿದೆ. ಮಗ್ಗ ನಿಂತಿತ್ತು, ಓಣಿಗೆಲ್ಲ ಕೇಳಿರಬೇಕು.

ಅವರು ಕೈ ಹೊರಗೆ ತೆಗೆದು ತಿರುಗಿ ಕೂತರು. ಬಹಳ ದಿನಗಳ ಮೇಲೆ ನನ್ನ ಮುಖ ನೋಡಿ ಮಾತಾಡಿದರು.

"ಮೂರ ವರ್ಷ ಆತು. ಒಮ್ಮಿಯರ ಕೇಳಿದೇನು ನನ್ನ?"

"ಏನ ಕೇಳ್ಬೇಕಿತ್ರಿ?"

"ಒಲಿಗಿ ಕೈ ಹಾಕಲೇನ ಅಂತ. ನೀ ಬರ್ತಿ, ಚಾಕು ಹಾಕ್ತಿ, ಕೆರೀತಿ, ಇಟ್ಟಂಗಿ ತುರುಕಿ ಎದ್ದ ಹೋಗ್ತಿ. ಒಡದ ಒಲಿ ಮುಂದ ಸೋಮವಾರ ನಾ ಹೆಂಗ ದೀಪಾ ಹಚ್ಚಲಿ? ಸಾರಿಸಿ ಸರಿ ಮಾಡ್ತಿದ್ನಿ. ಮತ್ತ ನೀ ಬಂದು ಒಡೀತಿದ್ದಿ. ನನ್ನ ಒಲಿ ಅದು. ಯಾರ ಮನಿಗರ ಹೋಗಿ ಹಿಂಗ ಮಾಡ್ತಿಯೇನ ನೀ?"

ಒಂದನೆಯ ಇಯತ್ತೆಯ ಮಕ್ಕಳಿಗೆ ನಾನು ದಿನಾ ಹೇಳುವ ಮಾತು ಅದು: ಪಕ್ಕದವರ ಬಳಪ ತೆಗೆದುಕೊಳ್ಳುವ ಮುಂಚೆ ಕೇಳಬೇಕು. ಮನೆಯಲ್ಲಿ ಮೂರು ವರ್ಷ ನಾನು ಹೇಳಿದ್ದೆ, ಬರೆದಿದ್ದೆ, ಕೂಗಿದ್ದೆ, ಕೈಮುಗಿದಿದ್ದೆ, ಸಲಾಕೆ ಎತ್ತಿದ್ದೆ. ಕೇಳಿರಲಿಲ್ಲ. ನಾಚಿಕೆಯಾಯಿತು. ಅವರ ಕೈ ತೊಳೆಸಿ, ಮುಖ ಒರೆಸಿದೆ. ಬೇಡ ಎನ್ನಲಿಲ್ಲ. ಆದರೂ ಆ ರಾತ್ರಿ ಅವರು ಕೆಮ್ಮಿದಷ್ಟು ಸಲವೂ ನನಗೆ ಸಿಟ್ಟು ಬಂತು.

ಎಂಟು ದಿನಕ್ಕೆ ಮತ್ತೆ ರವಿವಾರ ಬಂತು. ಅತ್ತೆ ಒಲೆಯ ಮುಂದೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಅಡುಗೆಮನೆಯ ಹೊಸ್ತಿಲಲ್ಲೇ ನಿಂತೆ. ಶಾಲೆಯ ತನಿಖಾಧಿಕಾರಿಯ ಮುಂದೆ ನಿಂತಾಗಲೂ ಅಷ್ಟು ಮುಜುಗರವಾಗಿರಲಿಲ್ಲ.

"ಅತ್ತ್ಯಾರ, ಒಲಿ ಬಾಗಲಾ ತಗೀಲೇನ್ರಿ?"

ಅವರು ತಲೆ ಎತ್ತಲಿಲ್ಲ. ಮೊರದಲ್ಲಿದ್ದ ಜೋಳ ಪೂರ್ತಿ ಮುಗಿಸಿದರು. ಬೇಕೆಂದೇ ನಿಧಾನ ಮಾಡಿದರು ಎಂದು ಈಗಲೂ ಆಣೆ ಮಾಡಿ ಹೇಳಬಲ್ಲೆ. ಆಮೇಲೆ ಮೊರ ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದರು.

"ಹೂಂ, ತಗಿ. ಮೊದಲ ಮಾರಿಗಿ ಅರಿವಿ ಕಟ್ಕೋ. ಮಸಿ ಮೂಗಿನಾಗ ಹೊಕ್ಕೈತಿ" ಎಂದು ಹೇಳಿ, ಡಾಕ್ಟರ ಮಾತಿಗೆ, ನನ್ನ ಮೂರು ವರ್ಷದ ಕೂಗಾಟಕ್ಕೆ ಆ ಜಾಗ ಬಿಟ್ಟು ಕದಲದವರು ತಾವಾಗಿಯೇ ಅಂಗಳಕ್ಕೆ ಹೋಗಿ ಗಾಳಿಗೆ ಕೂತರು.