ಆರು ಸಾವಿರದ ಸ್ಯಾಕ್ಸೋಫೋನ್

ಒಂಬತ್ತು ಸಾವಿರ ಹೇಳಿದ್ದ ಹಳೆಯ ಸ್ಯಾಕ್ಸೋಫೋನನ್ನು ಆರಕ್ಕೆ ಕೊಂಡುಕೊಂಡೆ, ಏಕೆಂದರೆ ಅದು ದನಿ ಕೊಡಲಿಲ್ಲ. ಮಗಳಿಗೆ ಕಲಿಯಲು ಬೇಕಿತ್ತು. ಮಾರುತ್ತಿದ್ದವರು ಗಜೇಂದ್ರಗಡದಲ್ಲಿ ಮದುವೆ ಬ್ಯಾಂಡಿನಲ್ಲಿ ಊದುತ್ತಿದ್ದ ಹಿರಿಯರು.

"ಬೆಲ್ಜಿಯಂದಾವ ಒಬ್ಬ ಹುಟ್ಟಿಸಿದ ವಾದ್ಯರೀ ಇದು. ಮೈಯೆಲ್ಲಾ ಹಿತ್ತಾಳಿ, ಆದ್ರ ದನಿ ಬರೂದು ಬಾಯಾಗಿನ ಈ ತೆಳ್ಳನ ಕಡ್ಡಿಯಿಂದ. ಅದಕ್ಕ ಇದು ನಮ್ಮ ಸನಾದಿ ಬಳಗದ್ದು," ಎಂದರು, ಕಡ್ಡಿಯನ್ನು ನಾಲಿಗೆಯಲ್ಲಿ ತೋಯಿಸುತ್ತ.

"ಕಥಿ ಇರ್ಲಿ ಕಾಕಾ, ಊದಿ ತೋರಸ್ರಿ," ಎಂದೆ.

ಮೂರು ಸಲ ಊದಿದರು. ಬರೀ ಗಾಳಿ ಹೊರಟಿತು, ಹಿಂದೆಯೇ ಕೆಮ್ಮು ಬಂತು. "ತಪ್ಪು ಇದರದಲ್ರಿ, ನನ್ನ ಉಸಿರಿಂದು," ಎಂದರು. ಮಾರುವವರು ಹೀಗೇ ಹೇಳುತ್ತಾರೆಂದುಕೊಂಡು ಮೂರು ಸಾವಿರ ಇಳಿಸಿದೆ. ಅವರು ಒಪ್ಪಿಕೊಂಡರು. ಪೆಟ್ಟಿಗೆಯ ಮುಚ್ಚಳವನ್ನು ಎರಡು ಸಲ ತೆರೆದು ಮುಚ್ಚಿದರು.

ನಮ್ಮೂರು ರೋಣದಲ್ಲಿ ಮಗಳ ಸಂಗೀತದ ಮಾಸ್ತರರು ಊದಿದ ಮೊದಲ ಉಸಿರಿಗೇ ಓಣಿಯ ಜನ ಬಾಗಿಲಿಗೆ ಬಂದರು. ಮರುದಿನ ಉಳಿದ ಮೂರು ಸಾವಿರ ಹಿಡಿದು ಹೋಗಿ, ಹಾಸಿಗೆಯಲ್ಲಿದ್ದ ಆ ಹಿರಿಯರಿಗೆ ಇದನ್ನು ಹೇಳಿದೆ. ಅವರು ಹಣ ಮುಟ್ಟಲಿಲ್ಲ. "ದನಿ ಬಂತಲ್ಲ, ಸಾಕ್ ಬಿಡ್ರಿ," ಎಂದು ಗೋಡೆಯ ಕಡೆ ಹೊರಳಿ ಮಲಗಿದರು.

ಹಳೆಯ ಊದುವ ವಾದ್ಯ ಕೊಳ್ಳುವುದಿದ್ದರೆ ಊದಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಾರುವವರಿಂದ ಮಾತ್ರ ಊದಿಸಬೇಡಿ.