ಸೈಕಾಲಜಿ ಸಾಲಕ್ಕೆ ಅಪ್ಪಯ್ಯನ ಸಹಿ

ಮಂಗಳೂರಿನ ಕಾಲೇಜಿನಲ್ಲಿ ಎಂ.ಎಸ್ಸಿ ಸೈಕಾಲಜಿಗೆ ಸೀಟು ಸಿಕ್ಕಿದೆಯೆಂದು ಮೆಸೇಜು ಬಂದ ದಿನ ನನಗೆ ಖುಷಿಯಾಗಬೇಕಿತ್ತು. ಆದದ್ದು ಹೆದರಿಕೆ. ಫೀಸು, ಹಾಸ್ಟೆಲು ಎಲ್ಲ ಕೂಡಿಸಿದರೆ ಅಷ್ಟು ದುಡ್ಡನ್ನು ನಾವುಂದದ ನಮ್ಮ ಮನೆ ಒಟ್ಟಿಗೆ ಕಂಡದ್ದೇ ಇಲ್ಲ. ಅಪ್ಪಯ್ಯ ಗಂಗೊಳ್ಳಿಯ ಬೋಟಿನಲ್ಲಿ ಬಲೆ ಎಳೆಯುವವರು, ಅಮ್ಮ ಬುಟ್ಟಿ ಹೊತ್ತು ಮೀನು ಮಾರುವವಳು. ಅದು ಮಳೆಗಾಲ ಬೇರೆ, ಕಡಲಿಗಿಳಿಯುವ ಹಾಗಿಲ್ಲ, ಬೋಟುಗಳೆಲ್ಲ ದಡದಲ್ಲಿ. ಸಾಲ ಮಾಡದೆ ಗತಿಯಿರಲಿಲ್ಲ. ಹಿಂದಿನ ವರ್ಷ ಅಪ್ಪಯ್ಯ ಬೋಟಿನ ಮೇಲೆಯೇ ತಲೆ ತಿರುಗಿ ಬಿದ್ದಿದ್ದರು. ಪಕ್ಕದವರು ಅಂಗಿ ಹಿಡಿದು ಎಳೆಯದಿದ್ದರೆ ನೀರಿಗೇ. "ಇನ್ ಸಾಕ್, ಈ ವರ್ಷದಿಂದ ಬೋಟಿಗ್ ಹೋತಿಲ್ಲೆ" ಎಂದು ಅವರೇ ಹೇಳಿಯಾಗಿತ್ತು. ಅಂದ ಮೇಲೆ ಸಾಲ ತೀರಿಸಬೇಕಾದವಳು ನಾನೊಬ್ಬಳೇ.

ಓದಿದ ಮೇಲೆ ಕೈಗೆ ಬರುವುದೆಷ್ಟು? ಮೊಬೈಲಿನಲ್ಲಿ ಹುಡುಕಿದರೆ ಒಂದೊಂದು ಕಡೆ ಒಂದೊಂದು ಕತೆ. ಅದೇ ಕೋರ್ಸು ಮುಗಿಸಿದ ಅಕ್ಕ ಒಬ್ಬರು ಬ್ರಹ್ಮಾವರದ ಶಾಲೆಯೊಂದರಲ್ಲಿ ಕೌನ್ಸೆಲರ್ ಆಗಿದ್ದರು. ಬಸ್ಸು ಹತ್ತಿ ಅವರನ್ನೇ ಕೇಳಲು ಹೋದೆ. ಚಾ ಕುಡಿಸಿದರು, ಏನನ್ನೂ ಮುಚ್ಚಿಡಲಿಲ್ಲ.

"ಸಂಬಳದಂಗೆ ಕಂತ್ ಹೋರೆ ಉಳುದ್ ಬಸ್ ಚಾರ್ಜ್ ಮಾರಾಯ್ತಿ. ಎಪ್ರಿಲ್, ಮೇ ರಜಿಯಂಗೆ ಅದೂ ಇಲ್ಲೆ. ಕಾಂಟ್ರಾಕ್ಟ್ ಅಲ್ದಾ?"

"ಮತ್ತೆ ಹ್ಯಾಂಗ್ ಕಟ್ಟುದ್ ಅಕ್ಕಾ?"

"ಅಪ್ಪಯ್ಯ ಕೊಡ್ತ್ರ್. ನಾಲ್ಕೈದ್ ವರ್ಷ ಕಳದ್ರೆ ಸರಿ ಆತ್ತಂಬ್ರ್, ಕಾಂಬ."

ಅವರು ನಗುತ್ತಲೇ ಹೇಳಿದರು. ಅವರ ಅಪ್ಪಯ್ಯ ಕೋಟೇಶ್ವರದಲ್ಲಿ ಅಂಗಡಿ ಇಟ್ಟವರು, ಕೊಟ್ಟಾರು. ನಾನು ಯಾರ ಹತ್ತಿರ ಕೈ ಒಡ್ಡಲಿ? ವಾಪಸು ಬರುವಾಗ ಕಂಡಕ್ಟರು ಎರಡು ಸಲ ಕೇಳಿದ ಮೇಲೆ ಟಿಕೆಟು ತೆಗೆದೆ.

ಬೈಂದೂರಿನ ಬ್ಯಾಂಕಿಗೆ ಅಪ್ಪಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ಅವರಿಗೆ ಒಂದಿಷ್ಟೂ ಅಳುಕಿಲ್ಲ. ಯಾಕೆಂದು ಮ್ಯಾನೇಜರ ಎದುರು ಕೂತ ಮೇಲೆ ಗೊತ್ತಾಯಿತು. ಅವರಿಗೆ ಗೊತ್ತಿದ್ದದ್ದು ಬೋಟಿನ ಸಾಲ. ಬೋಟಿನ ಧಣಿ ಕೊಟ್ಟದ್ದನ್ನು ಮೀನಿನ ಪಾಲಿನಲ್ಲಿ ಮುರಿದುಕೊಳ್ಳುತ್ತಾರೆ. ಮೀನು ಬೀಳದ ದಿನ ಪಾಲಿಲ್ಲ, ಮುರಿಯುವುದೂ ಇಲ್ಲ. ಮಳೆಗಾಲದಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಬ್ಯಾಂಕೂ ಹಾಗೇ ಎಂದುಕೊಂಡಿದ್ದರು ಪುಣ್ಯಾತ್ಮರು.

"ಇವ್ಳಿಗ್ ಸಂಬಳ ಇಲ್ದಿದ್ ತಿಂಗ್ಳ್ ಮುರಿಯುದ್ ಇಲ್ಲೆ ಅಲ್ದಾ ಸಾರ್?"

ಮ್ಯಾನೇಜರು ಕನ್ನಡಕ ತೆಗೆದರು. "ಓದು ಮುಗಿದು ಒಂದು ವರ್ಷದ ತನಕ ನಾವು ಕೇಳುವುದಿಲ್ಲ. ಆಮೇಲೆ ಕೆಲಸ ಇರಲಿ ಬಿಡಲಿ, ತಿಂಗಳು ತಿಂಗಳು ಕಟ್ಟಲೇಬೇಕು. ಅವಳು ಕಟ್ಟದಿದ್ದರೆ ನೀವು. ಅದಕ್ಕೇ ನಿಮ್ಮ ಸಹಿ ಕೇಳುವುದು."

ಅಪ್ಪಯ್ಯ ಎದ್ದು ಹೋಗಿಬಿಡುತ್ತಾರೋ ಎಂದು ಹೆದರಿದೆ. ಎದ್ದು ಹೋದರೆ ಸಾಕಪ್ಪ ಎಂದೂ ಅನ್ನಿಸಿತು, ದೇವರಾಣೆ. 'ಬ್ಯಾಡ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ಪೆನ್ನು ಹಿಡಿದು, ಹರಿದ ಬಲೆಗೆ ಗಂಟು ಹಾಕುವಷ್ಟು ನಿಧಾನಕ್ಕೆ, ತಮ್ಮ ಹೆಸರು ಬರೆದರು.

ಹೊರಗೆ ಬಂದವರೇ, "ನಂಗೆ ಗಂಗೊಳ್ಳಿಯಂಗೆ ಸಣ್ಣ ಕೆಲ್ಸ ಇತ್ತ್, ನೀ ಮನಿಗ್ ಹೋಗ್" ಎಂದು ಬೇರೆ ಬಸ್ಸು ಹತ್ತಿದರು. ಮನೆಗೆ ಬಂದರೂ ಬಸ್ ಚಾರ್ಜು ಮಾತ್ರ ಉಳಿಯುವ ಸಂಬಳ, ಅದೂ ಇಲ್ಲದ ಬೇಸಗೆ, ಮನೆ ಬಾಗಿಲಿಗೆ ಬರುವ ಬ್ಯಾಂಕಿನವರು, ಇವೇ ಕಣ್ಣ ಮುಂದೆ. ಈ ಓದೇ ಬೇಡ ಎಂದು ಗಟ್ಟಿ ಮಾಡಿಕೊಂಡೆ. ಸಂಜೆ ಅಪ್ಪಯ್ಯ ಚಪ್ಪಲಿ ಬಿಡುವಾಗಲೇ ಹೇಳಿಬಿಟ್ಟೆ.

"ಅಪ್ಪಯ್ಯ, ನಾ ಮಂಗ್ಳೂರಿಗ್ ಹೋತಿಲ್ಲೆ. ಸಹಿ ಹಾಕ್ರೆ ಎಂತಾಯ್ತ್, ದುಡ್ಡ್ ತಕಣ್ಲಿಲ್ಲ ಅಲ್ದಾ? ಕುಂದಾಪ್ರದಂಗೆ ಯಾವ್ದಾರೂ ಅಂಗ್ಡಿ ಕೆಲ್ಸಕ್ ಸೇರ್ತೆ. ನಂಗೆ ಹೆದ್ರಿಕಿ ಆತ್ತ್."

ಅವರು ಅಂಗಿಯ ಕಿಸೆಯಿಂದ ನೋಟಿನ ಕಟ್ಟು ತೆಗೆದು ಅಮ್ಮನ ಕೈಗಿಟ್ಟರು. ಅಮ್ಮ ಅದನ್ನು ನೋಡಿದವಳೇ ಹಣೆ ಚಚ್ಚಿಕೊಂಡಳು. "ಧಣಿ ಹತ್ರ ಮುಂಗಡ ತಕಂಡ್ ಬಂದಿರಿಯಾ?"

"ಬ್ಯಾಂಕಿನ್ ದುಡ್ಡ್ ಫೀಸಿಗ್ ಸರಿ, ಹಾಸ್ಟೆಲಿಗ್ ಬೇಕಲೆ. ಬ್ಯಾಂಕಿಗ್ ಮಳಿಗಾಲ ಇಲ್ಲೆ ಅಂಬ್ರ್, ನಾವ್ ಈಗ್ಳಿಂದ್ಲೇ ಒಟ್ಟ್ ಮಾಡ್ಕ್."

ನಮ್ಮ ಕಡೆ ಮುಂಗಡ ಹಿಡಿದವನು ಮುಂದಿನ ಮಳೆಗಾಲದ ತನಕ ಆ ಬೋಟಿನವನೇ. ಜ್ವರ ಬರಲಿ, ತಲೆ ತಿರುಗಲಿ, ಹೋಗಲೇಬೇಕು. ನಾನು ಅಳುತ್ತ ಕೈ ಹಿಡಿದುಕೊಂಡೆ. "ತಿರ್ಗಿ ಕೊಟ್ಟ್ ಬನ್ನಿ ಅಪ್ಪಯ್ಯ."

"ಮುಂಗಡ ತಿರ್ಗಿ ಕೊಡುಕ್ ಆತ್ತಾ ಹುಚ್ಚಿ? ನೀ ಓದ್ರೂ ನಾ ಹೋಯ್ಕ್, ಓದ್ದಿದ್ರೂ ಹೋಯ್ಕ್."

ಮಾರನೇ ದಿನ ಕಾಲೇಜಿಗೆ ಒಪ್ಪಿಗೆ ಕಳಿಸಿದೆ. ಬೋಟುಗಳು ಕಡಲಿಗಿಳಿದ ವಾರವೇ ನನ್ನ ಕ್ಲಾಸು ಶುರುವಾಯಿತು. ಕಡಲಿನಲ್ಲಿ ಗಾಳಿ ಎದ್ದ ಸುದ್ದಿ ಬಂದ ದಿನ ನನಗೆ ಪಾಠ ಕಿವಿಗೆ ಬೀಳುವುದಿಲ್ಲ. ಬೆಂಚಿನ ಕೆಳಗೆ ಫೋನು ಹಿಡಿದು ಅಮ್ಮನ ಮೆಸೇಜಿಗೆ ಕಾಯುತ್ತೇನೆ. ಬ್ಯಾಂಕಿನವರು ನಮ್ಮನ್ನು ಇನ್ನೂ ಒಂದು ರೂಪಾಯಿಯನ್ನೂ ಕೇಳಿಲ್ಲ.